ಸರ್ಪಸುತ್ತಿಗೆ ಮಾತ್ರೆ ಇದೆ, ತಡ ಮಾಡಬೇಡಿ

ಎಲ್ಲರಿಗೂ ನಮಸ್ಕಾರ. ಸರ್ಪಸುತ್ತಿಗೆ ಔಷಧವೇ ಇಲ್ಲ ಅನ್ನುವ ಸಂದೇಶ ನಮ್ಮ ಗುಂಪಿಗೂ ಬಂದಿದೆ. ಅದು ತಪ್ಪು, ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಚಿಕನ್‌ಪಾಕ್ಸ್, ಅಂದರೆ ನಾವು 'ಅಮ್ಮ' ಅಂತೀವಲ್ಲ, ಅದರ ವೈರಸ್ಸೇ ನರದಲ್ಲಿ ಅಡಗಿದ್ದು ವರ್ಷಗಳ ನಂತರ ಸರ್ಪಸುತ್ತಾಗಿ ಏಳುತ್ತದೆ. ಈ ವೈರಸ್ ಹರ್ಪಿಸ್ ಅನ್ನುವ ವೈರಸ್ ಕುಟುಂಬದ್ದು. ಸರ್ಪಸುತ್ತಿಗೆ ಕೊಡುವ ಏಸೈಕ್ಲೋವಿರ್ ಮಾತ್ರೆ ಕೆಲಸ ಮಾಡುವ ರೀತಿ ನನಗಂತೂ ಬಹಳ ಇಷ್ಟ. ವೈರಸ್ ತನ್ನ ಡಿಎನ್‌ಎಯನ್ನು ಮಣಿಸರದ ಹಾಗೆ ಪೋಣಿಸುತ್ತದೆ. ಈ ಔಷಧ ಒಂದು ನಕಲಿ ಮಣಿ. ಅದು ಸೇರಿತೋ, ಮುಂದಿನ ಮಣಿ ಕೂರುವುದಿಲ್ಲ, ಸರ ಅಲ್ಲಿಗೇ ನಿಂತಿತು. ತಮಾಷೆ ಅಂದರೆ, ಈ ನಕಲಿ ಮಣಿಯನ್ನು ಮೊದಲು ಚುರುಕು ಮಾಡುವುದು ವೈರಸ್ಸಿನದೇ ಕಿಣ್ವ! ಹಾಗಾಗಿ ಸೋಂಕಿಲ್ಲದ ಜೀವಕೋಶಗಳಿಗೆ ತೊಂದರೆ ಕಮ್ಮಿ. ಇದನ್ನು ರೂಪಿಸಿದ ತಂಡದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಉಪಯೋಗ ಜಾಸ್ತಿ. ಕೆಮ್ಮಣ್ಣು ಹಚ್ಚಿಕೊಂಡು ದಿನ ಕಳೆಯಬೇಡಿ. ಕಣ್ಣಿನ ಹತ್ತಿರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಎಚ್‌ಐವಿಗೆ ಇದೇ ಮಾತ್ರೆ ಸಾಕಾ ಅಂತ ಒಬ್ಬರು ಕೇಳಿದ್ದರು. ಸಾಲದು. ಅದಕ್ಕೆ ಬೇರೆ ಔಷಧಗಳಿವೆ: ಟೆನೊಫೊವಿರ್, ಲ್ಯಾಮಿವುಡಿನ್ ಅಲ್ಲಿನ ನಕಲಿ ಮಣಿಗಳು. ಡೊಲುಟೆಗ್ರಾವಿರ್ ವೈರಸ್ಸಿನ ಡಿಎನ್‌ಎ ನಮ್ಮ ಡಿಎನ್‌ಎಗೆ ಸೇರದಂತೆ ತಡೆಯುತ್ತದೆ. ಎಚ್‌ಐವಿ ಬೇಗ ಬೇಗ ರೂಪ ಬದಲಿಸುವುದರಿಂದ ಮೂರನ್ನೂ ಒಟ್ಟಿಗೆ ಕೊಡುತ್ತಾರೆ, ದಿನವೂ ತಪ್ಪದೆ ನುಂಗಬೇಕು. ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳಲ್ಲಿ ಉಚಿತ.

ಏಸೈಕ್ಲೋವಿರನ್ನು ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಗೊಳ್ಳಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಬೇರೆ.