ಟೋಕಿಯೊದಲ್ಲಿ ಐದು ವಾರ, ಮನೆ ಎಲ್ಲಿ ಹಿಡಿಯೋಣ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅಕ್ಟೋಬರ್ ಕೊನೆಯಿಂದ ಐದು ವಾರ ಅಮ್ಮನನ್ನೂ ಕರೆದುಕೊಂಡು ಟೋಕಿಯೊದಲ್ಲೇ ಇರುತ್ತೀರಿ ಅಂತ ಓದಿ ತುಂಬಾ ಖುಷಿಯಾಯಿತು. ಹತ್ತು ಊರು ಸುತ್ತುವ ಬದಲು ಒಂದೇ ಊರಲ್ಲಿ ನೆಲೆ ನಿಂತು ನೋಡುತ್ತೇವೆ ಅನ್ನುವ ನಿಮ್ಮ ತೀರ್ಮಾನ ನನಗೆ ಬಹಳ ಹಿಡಿಸಿತು. ಶಿಂಜುಕುವಿನ ಹೋಟೆಲೋ ಅಸಾಕುಸಾದ ಅಪಾರ್ಟ್‌ಮೆಂಟೋ ಅಂತ ಕೇಳಿದ್ದೀಯ. ನನ್ನನ್ನು ಕೇಳಿದರೆ ಎರಡೂ ಬೇಡ. ಮುಂಗಡ ಕಟ್ಟಿದ ಮೇಲೆ ಬದಲಾಯಿಸುವುದು ಕಷ್ಟ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೂರು ದಿನಕ್ಕೆ ಬಂದವರಿಗೆ ನೋಡುವ ಜಾಗ ಹತ್ತಿರವಿದ್ದರೆ ಸಾಕು. ಐದು ವಾರ ಇರುವವರ ಲೆಕ್ಕವೇ ಬೇರೆ. ಬೆಳಿಗ್ಗೆ ಹೊರಡುವಾಗ ಎಲ್ಲರಿಗೂ ಹುಮ್ಮಸ್ಸು ಇರುತ್ತದೆ, ಎರಡು ರೈಲು ಬದಲಾಯಿಸಿದರೂ ಬೇಸರವಾಗುವುದಿಲ್ಲ. ಪರೀಕ್ಷೆ ಇರುವುದು ಸಂಜೆ. ಕಾಲು ಸೋತಿರುತ್ತದೆ, ಕೈಯಲ್ಲಿ ಹಾಲು ತರಕಾರಿಯ ಚೀಲ ಇರುತ್ತದೆ, ಅಮ್ಮನ ಮೊಣಕಾಲು ಬಿಗಿದುಕೊಂಡಿರುತ್ತದೆ. ಆ ಹೊತ್ತಿನಲ್ಲಿ ಒಂದೇ ರೈಲಿನಲ್ಲಿ ಕೂತು, ಲಿಫ್ಟಿನಲ್ಲಿ ಮೇಲೆ ಬಂದು, ಸಮತಟ್ಟಾದ ದಾರಿಯಲ್ಲಿ ಮನೆ ಸೇರುವ ಹಾಗಿರಬೇಕು. ಹಾಗಾಗಿ ಮೊದಲು ರೈಲು ಮಾರ್ಗ ಆರಿಸು, ಆಮೇಲೆ ನಿಲ್ದಾಣ, ಆಮೇಲೆ ಬೀದಿ. ಕೋಣೆಯ ಫೋಟೊ ಎಲ್ಲಕ್ಕಿಂತ ಕೊನೆಗೆ.

ಶಿಂಜುಕು ಪ್ರಪಂಚದಲ್ಲೇ ಅತಿ ಹೆಚ್ಚು ಜನ ಓಡಾಡುವ ನಿಲ್ದಾಣ, ಇನ್ನೂರಕ್ಕೂ ಹೆಚ್ಚು ದ್ವಾರಗಳಿವೆ ಅನ್ನುತ್ತಾರೆ. ನೋಡಲೇಬೇಕಾದ ಜಾಗ, ಸಂಶಯವಿಲ್ಲ. ಆದರೆ ದಿನಾ ಸಂಜೆ ಆ ಜನಸಾಗರ ಹಾಯ್ದು ಸರಿಯಾದ ದ್ವಾರ ಹುಡುಕಿಕೊಂಡು ಹೊರಬರುವ ಕೆಲಸ ಅಮ್ಮನಿಗೆ ಬೇಡ. ಅಸಾಕುಸಾ ಸಮತಟ್ಟು ಪ್ರದೇಶ, ಸೆನ್ಸೋಜಿ ದೇವಾಲಯದ ಅಂಗಳ ಬೆಳಗಿನ ಜಾವ ನಿಜಕ್ಕೂ ಚಂದ. ಆದರೆ ಅದು ಗಿಂಜಾ ಲೈನಿನ ಒಂದು ತುದಿ, ಶಿಬುಯಾ ಇನ್ನೊಂದು ತುದಿ. 1927ರಲ್ಲಿ ಶುರುವಾದ ಜಪಾನಿನ ಮೊದಲ ಸುರಂಗ ರೈಲು ಅದು. ಹಳೆಯ ನಿಲ್ದಾಣ ಅಂದಮೇಲೆ ಮೆಟ್ಟಿಲುಗಳೂ ಹೆಚ್ಚು. ಪಶ್ಚಿಮದ ಕಡೆ ಹೋದಾಗಲೆಲ್ಲ ಇಡೀ ಊರು ದಾಟಿ ವಾಪಸ್ಸು ಬರಬೇಕಾಗುತ್ತದೆ.

ನನ್ನ ಸಲಹೆ ಸುಗಾಮೊ. ಯಾಮಾನೋತೆ ಲೈನಿನ ಉತ್ತರದ ಅಂಚಿನಲ್ಲಿದೆ. ಯಾಮಾನೋತೆ ಅಂದರೆ ಊರಿನ ನಡುವಣ ಭಾಗವನ್ನು ಸುತ್ತು ಹಾಕುವ ವರ್ತುಲ ರೈಲು. 30 ನಿಲ್ದಾಣ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಉಯೆನೊ, ಟೋಕಿಯೊ ಸ್ಟೇಷನ್, ಶಿಬುಯಾ, ಶಿಂಜುಕು ಎಲ್ಲವೂ ಇದರ ಮೇಲೇ ಇವೆ. ನೆಲದ ಮೇಲೆ ಓಡುವ ರೈಲಾದ್ದರಿಂದ ಅಮ್ಮ ಕಿಟಕಿಯಾಚೆ ಊರು ನೋಡಿಕೊಂಡು ಕೂರಬಹುದು. ಹೊರಡುವುದು ಮಾತ್ರ ಬೆಳಿಗ್ಗೆ ಒಂಬತ್ತೂವರೆಯ ಮೇಲಿರಲಿ, ಅದಕ್ಕೆ ಮುಂಚೆ ಕಾಲಿಡಲೂ ಜಾಗವಿರುವುದಿಲ್ಲ. ನರಿತಾ ವಿಮಾನ ನಿಲ್ದಾಣಕ್ಕೆ ಇಳಿದರೆ ಸ್ಕೈಲೈನರ್ ಅನ್ನುವ ವೇಗದ ರೈಲು ಹಿಡಿದು ನಿಪ್ಪೋರಿಗೆ ಬಂದು ಯಾಮಾನೋತೆ ಹತ್ತಿದರೆ ನಾಲ್ಕನೇ ನಿಲ್ದಾಣವೇ ಸುಗಾಮೊ. ಹಾನೆಡಾ ವಿಮಾನ ನಿಲ್ದಾಣವಾದರೆ ಮೊನೊರೈಲಿನಲ್ಲಿ ಹಮಾಮಾತ್ಸುಚೋ, ಅಲ್ಲಿಂದ ಇದೇ ರೈಲು.

ಆದರೆ ಸುಗಾಮೊ ಅಂತ ನಾನು ಹಟ ಹಿಡಿಯುವುದು ರೈಲಿಗಾಗಿ ಮಾತ್ರ ಅಲ್ಲ, ಜಿಜೋ ದೋರಿ ಅನ್ನುವ ಪೇಟೆ ಬೀದಿಗಾಗಿ. ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಶುರುವಾಗಿ ಸುಮಾರು 800 ಮೀಟರ್ ಸಾಗುತ್ತದೆ. ಇಡೀ ಟೋಕಿಯೊದ ಅಜ್ಜ ಅಜ್ಜಿಯರು ಬರುವ ಬೀದಿ ಅದು. ಅಂಗಡಿಯವರು ನಿಧಾನವಾಗಿ ಮಾತಾಡುತ್ತಾರೆ, ಬೆಲೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ, ಹಿಂದಿನವರು ತಳ್ಳುವುದಿಲ್ಲ. ನಡುವೆ ಕೋಗಾನ್‌ಜಿ ದೇವಾಲಯದಲ್ಲಿ ಕರುಣೆಯ ಬೌದ್ಧ ದೇವತೆ ಕಣ್ಣೋನ್‌ಳ ಒಂದು ಕಲ್ಲಿನ ವಿಗ್ರಹವಿದೆ. ತಮಗೆ ಎಲ್ಲಿ ನೋವೋ ವಿಗ್ರಹದ ಆ ಭಾಗಕ್ಕೆ ನೀರು ಹಾಕಿ, ಬಿಳಿ ಬಟ್ಟೆಯಿಂದ ಒರೆಸಿ ಕೈಮುಗಿಯುತ್ತಾರೆ. ಸೊಂಟ, ಭುಜ, ಮೊಣಕಾಲು, ಎಲ್ಲದಕ್ಕೂ ಸಾಲು ನಿಂತಿರುತ್ತಾರೆ. ಅಮ್ಮನಿಗೆ ಭಾಷೆ ಬರದಿದ್ದರೂ ಅಲ್ಲಿ ಏನು ನಡೆಯುತ್ತಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. 4, 14, 24ನೇ ತಾರೀಕು ಬೀದಿಯುದ್ದಕ್ಕೂ ಜಾತ್ರೆ. ನೀನೂ ನಿನ್ನ ಹೆಂಡತಿಯೂ ಒಂದು ದಿನ ದೂರ ಹೋಗಬೇಕು ಅಂದರೆ ಅಮ್ಮ ಒಬ್ಬರೇ ಕೆಳಗಿಳಿದು ಈ ಬೀದಿಯಲ್ಲಿ ಧೈರ್ಯವಾಗಿ ಓಡಾಡಿಕೊಂಡು ಬರಬಹುದು. ದೀರ್ಘ ರಜೆಯಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಪಕ್ಕದ ನಿಲ್ದಾಣ ಕೋಮಾಗೊಮೆಯಲ್ಲಿ 1702ರಲ್ಲಿ ಪೂರ್ಣಗೊಂಡ ರಿಕುಗಿಎನ್ ಉದ್ಯಾನವಿದೆ. ನವೆಂಬರ್ ಕೊನೆಯ ಹೊತ್ತಿಗೆ ಮೇಪಲ್ ಎಲೆಗಳು ಕೆಂಪಾಗುತ್ತವೆ, ನೀವು ಹೊರಡುವ ಮೊದಲು ನೋಡಲು ಸಿಗಬಹುದು. ಇನ್ನೊಂದು ಕಡೆಯ ಪಕ್ಕದ ನಿಲ್ದಾಣ ಓತ್ಸುಕಾ. ಅಲ್ಲಿ ಮಸೀದಿಯ ಬಳಿಯ ಹಲಾಲ್ ಅಂಗಡಿಗಳಲ್ಲಿ ಬೇಳೆ, ಜೀರಿಗೆ, ಅರಿಶಿನ ಎಲ್ಲ ಸಿಗುತ್ತವೆ. ಭಾರತೀಯರು ಹೆಚ್ಚಾಗಿರುವ ನಿಶಿ ಕಸಾಯ್‌ನಲ್ಲೇ ಉಳಿಯಿರಿ ಅಂತ ಯಾರಾದರೂ ಹೇಳುತ್ತಾರೆ. ಸಾಮಾನು ತರಲು ಒಮ್ಮೆ ಹೋಗಿ ಬಾ, ಸಾಕು. ಅಲ್ಲಿಗೆ ಹೋಗುವ ತೋಝಾಯ್ ಲೈನ್ ಬೆಳಗಿನ ನೂಕುನುಗ್ಗಲಿಗೆ ಹೆಸರುವಾಸಿ.

(ನೀನೊಬ್ಬನೇ ಬರುತ್ತಿದ್ದರೆ ಕೋಎಂಜಿ ಅನ್ನುತ್ತಿದ್ದೆ. ಹಳೆ ಬಟ್ಟೆಯಂಗಡಿಗಳು, ಪುಟ್ಟ ಪುಟ್ಟ ಸಂಗೀತದ ಅಡ್ಡೆಗಳು, ನಿನಗೆ ಹೇಳಿ ಮಾಡಿಸಿದ ಜಾಗ. ಆದರೆ ಶನಿವಾರ, ಭಾನುವಾರ ಚುವೋ ಲೈನಿನ ರ‍್ಯಾಪಿಡ್ ರೈಲುಗಳು ಅಲ್ಲಿ ನಿಲ್ಲುವುದೇ ಇಲ್ಲ, ಹಳದಿ ಪಟ್ಟಿಯ ಲೋಕಲ್‌ಗೇ ಕಾಯಬೇಕು.)

ಇನ್ನು ದೂರದ ವಿಷಯ, ಇದನ್ನು ಗಮನವಿಟ್ಟು ಓದು. ಜಪಾನಿನ ಬಾಡಿಗೆ ಜಾಹೀರಾತುಗಳಲ್ಲಿ 'ನಿಲ್ದಾಣದಿಂದ 7 ನಿಮಿಷ' ಅಂತ ಇರುತ್ತದಲ್ಲ, ಅದು ಯಾರೋ ನಡೆದು ನೋಡಿ ಬರೆದದ್ದಲ್ಲ. 80 ಮೀಟರಿಗೆ ಒಂದು ನಿಮಿಷ ಅಂತ ನಿಯಮವಿದೆ, ಆ ಲೆಕ್ಕದಲ್ಲಿ ಬರೆಯುತ್ತಾರೆ. ಸಿಗ್ನಲ್‌ನಲ್ಲಿ ನಿಂತ ಹೊತ್ತು, ಏರು, ನಿಲ್ದಾಣದ ಒಳಗಿನ ನಡಿಗೆ ಯಾವುದೂ ಅದರಲ್ಲಿ ಸೇರಿಲ್ಲ. ಅಳತೆ ಮಾಡುವುದೂ ಮನೆಗೆ ಹತ್ತಿರದ ದ್ವಾರದಿಂದ. ಆ ದ್ವಾರದಲ್ಲಿ ಬರೀ ಮೆಟ್ಟಿಲಿದ್ದು, ಲಿಫ್ಟ್ ರಸ್ತೆಯ ಆಚೆ ಬದಿಯಲ್ಲಿರಬಹುದು. ಹಾಗಾಗಿ ನಿಲ್ದಾಣದ ನಕ್ಷೆ ತೆಗೆದು ಲಿಫ್ಟ್ ಇರುವ ದ್ವಾರ ಹುಡುಕು. ಅಲ್ಲಿಂದ ಮನೆ ಬಾಗಿಲವರೆಗೆ ಸ್ಟ್ರೀಟ್ ವ್ಯೂನಲ್ಲಿ ಒಮ್ಮೆ ಪೂರ್ತಿ ಹೋಗಿ ನೋಡು. ಅವರು ಕೊಟ್ಟ ನಿಮಿಷವನ್ನು ಅಮ್ಮನಿಗಾಗಿ ದುಪ್ಪಟ್ಟು ಮಾಡಿಕೋ. ಐದು ನಿಮಿಷಕ್ಕಿಂತ ಹೆಚ್ಚು ಬರೆದಿರುವ ಮನೆ, ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡು.

ಕೋಣೆಯ ಬಗ್ಗೆ ಒಂದೆರಡು ಮಾತು. ಹೋಟೆಲುಗಳಲ್ಲಿ 'ಸೆಮಿ ಡಬಲ್' ಅಂತ ಇಬ್ಬರಿಗೆ ಕೊಡುವ ಹಾಸಿಗೆಯ ಅಗಲ ಸಾಮಾನ್ಯವಾಗಿ 120 ಸೆಂಟಿಮೀಟರ್. ಒಂದು ರಾತ್ರಿ ಕಳೆಯಬಹುದು, ಐದು ವಾರ ಆಗದು. ಮನೆಯ ಅಳತೆಯನ್ನು ಚಾಪೆಯ ಲೆಕ್ಕದಲ್ಲಿ, 'ಜೋ' ಅಂತ ಬರೆಯುತ್ತಾರೆ; ಆರು ಜೋ ಅಂದರೆ ಹತ್ತು ಚದರ ಮೀಟರ್ ಇಟ್ಟುಕೋ. ಚಾಪೆ ನೆಲದ ಮೇಲೆ ಹಾಸಿಗೆ ಹಾಸುವ ಕೋಣೆ ನೋಡಲು ಸೊಗಸು, ಆದರೆ ನೆಲದಿಂದ ಏಳುವುದು ಅಮ್ಮನಿಗೆ ದಿನಾ ಶಿಕ್ಷೆ. ಮಂಚವೇ ಇರಲಿ. ಮೂರು ನಾಲ್ಕು ಮಹಡಿಯ ಹಳೆ ಕಟ್ಟಡಗಳಲ್ಲಿ ಲಿಫ್ಟ್ ಅಪರೂಪ. ಅಲ್ಲಿ ಒಂದನೇ ಮಹಡಿ ಅಂದರೆ ನೆಲಮಹಡಿ ಅನ್ನುವುದೂ ನೆನಪಿರಲಿ. ಕಟ್ಟಿದ ವರ್ಷ ಕೇಳಲು ಸಂಕೋಚ ಬೇಡ: ಭೂಕಂಪ ತಡೆಯುವ ಹೊಸ ನಿಯಮ ಬಂದದ್ದು 1981ರ ಜೂನ್‌ನಲ್ಲಿ, 1995ರ ಕೋಬೆ ಭೂಕಂಪದಲ್ಲಿ ಅದಕ್ಕೂ ಹಳೆಯ ಕಟ್ಟಡಗಳಿಗೇ ಹೆಚ್ಚು ಪೆಟ್ಟು ಬಿತ್ತು.

ಪರವಾನಗಿ ನೋಡದೆ ದುಡ್ಡು ಕಟ್ಟಬೇಡ. 2018ರ ಜೂನ್‌ನಲ್ಲಿ ಬಂದ ಕಾನೂನಿನ ಪ್ರಕಾರ ಮನೆಯನ್ನು ಪ್ರವಾಸಿಗರಿಗೆ ವರ್ಷಕ್ಕೆ 180 ದಿನ ಮಾತ್ರ ಕೊಡಬಹುದು. ಅಂಥ ಮನೆಗೆ ಎಂ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಕೆಲವು ವಾರ್ಡುಗಳ ನಿಯಮ ಇನ್ನೂ ಬಿಗಿ. ಶಿಂಜುಕುವಿನ ವಸತಿ ಬೀದಿಗಳಲ್ಲಿ ವಾರದ ನಡುವಿನ ದಿನಗಳಲ್ಲಿ ಕೊಡುವಂತೆಯೇ ಇಲ್ಲ. ನಿನ್ನ ಹಾಗೆ ಐದು ವಾರ ಇರುವವರಿಗೆ ಹೋಟೆಲ್ ಪರವಾನಗಿ ಇರುವ, ಅಡುಗೆಮನೆ ಸಮೇತದ ಅಪಾರ್ಟ್‌ಮೆಂಟ್ ಹೋಟೆಲ್ ವಾಸಿ. ತಿಂಗಳ ಬಾಡಿಗೆಯ 'ಮಂತ್ಲಿ ಮ್ಯಾನ್ಷನ್' ಅಗ್ಗವಾಗಿ ಕಾಣುತ್ತದೆ, ಆದರೆ ಕರೆಂಟು, ಶುಚಿ ಮಾಡುವ ಖರ್ಚನ್ನು ಹೆಚ್ಚಾಗಿ ಬೇರೆ ಹಾಕುತ್ತಾರೆ. ಕಸವನ್ನು ಬಗೆಬಗೆಯಾಗಿ ವಿಂಗಡಿಸಿ, ಆಯಾ ದಿನ ಬೆಳಿಗ್ಗೆ ಎಂಟರೊಳಗೆ ನೀನೇ ಹೊರಗಿಡಬೇಕು. ನಿನಗೆ ಅದು ಕಷ್ಟವಲ್ಲ ಅಂತ ಗೊತ್ತು. ಒಟ್ಟು ಖರ್ಚು ಎಷ್ಟು ಅಂತ ಗೊತ್ತಾದ ಮೇಲೆ ಹೋಲಿಸು.

ವೀಸಾ ಕೈಗೆ ಬರುವವರೆಗೆ ರದ್ದು ಮಾಡಿದರೆ ದುಡ್ಡು ವಾಪಸ್ಸು ಬರುವಂಥದ್ದನ್ನೇ ಕಾದಿರಿಸು. ಸುಗಾಮೊ, ಓತ್ಸುಕಾ, ಕೋಮಾಗೊಮೆ ಈ ಮೂರರಲ್ಲಿ ನಿನಗೆ ಹಿಡಿಸಿದ ಮನೆಗಳ ವಿಳಾಸ ಕಳಿಸು, ಲಿಫ್ಟಿನ ದ್ವಾರದಿಂದ ಬಾಗಿಲವರೆಗಿನ ದಾರಿ ನಾನೂ ಒಮ್ಮೆ ನೋಡುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಮೆತ್ತನೆ ಅಟ್ಟೆಯ ಶೂ ಈಗಲೇ ಕೊಡಿಸಿ ದಿನಾ ಸ್ವಲ್ಪ ನಡೆಸು.

ಇಂತಿ ನಿನ್ನ
ಗೆಳೆಯ