ಮಗಳಿಗೊಂದು ಪತ್ರ: ಕಣಿವೆಯಲ್ಲಿ ಸಿಕ್ಕ ‘ನೀನು’

ಬೆಟಗೇರಿ
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿಮ್ಮಪ್ಪ ಈಗಷ್ಟೇ ಮಲಗಿದರು. ಅಡುಗೆಮನೆಯ ದೀಪದ ಕೆಳಗೆ ಕೂತು ಇದನ್ನು ಬರೆಯುತ್ತಿದ್ದೇನೆ.

ಬುಧವಾರ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಕಿವಿಯಲ್ಲೇ ಇದೆ. ‘ಅವ್ವಾ, ನಾವು ಯಾರಿಗೇನು ಅನ್ಯಾಯ ಮಾಡೇವಿ? ನಮ್ಮ ಮನಿಗೇ ಯಾಕ ಹಿಂಗಾತು? ಪ್ರಾರ್ಥನಾ ಮಾಡಾಕ ಕೂತ್ರ ಬಾಯೇ ಬರವಲ್ದು’ ಅಂದೆ. ನಾನು ‘ಉಂಡು ಮಲಕೋ, ದೇವರದಾನ’ ಅಂದು ಫೋನಿಟ್ಟೆ. ದೇವರಿದ್ದಾನೆ ಅನ್ನುವುದು ನಿಜವೇ. ಆದರೆ ಅವತ್ತು ಆ ಮಾತಿನ ಹಿಂದೆ ನಾನು ಬಚ್ಚಿಟ್ಟುಕೊಂಡೆ. ಮೂವತ್ತು ವರ್ಷ ಸಾಲಿಯಲ್ಲಿ ಕನ್ನಡ ಕಲಿಸಿದವಳು ಸ್ವಂತ ಮಗಳ ಪ್ರಶ್ನೆಗೆ ಹಾಗೆ ಜಾರಿಕೊಳ್ಳಬಾರದಿತ್ತು. ಅದಕ್ಕೇ ಈ ಪತ್ರ.

ನಿನಗೆ ಹೇಳದ ಒಂದು ವಿಷಯವಿದೆ. ಕಳೆದ ವರ್ಷ ಮಾರ್ಚಿನ ಆ ಮುಂಜಾನೆ ನಿಮ್ಮಪ್ಪ ಎದ್ದವರೇ ಬಲಗೈ ಜೋಮು ಹಿಡಿದಿದೆ ಎಂದರು. ಕೈ ಮೇಲೆ ಮಲಗಿರಬೇಕು ಎಂದುಕೊಂಡು ನಾನು ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಚಹಾ ಕೊಟ್ಟರೆ ತುಟಿಯ ಒಂದು ಅಂಚಿನಿಂದ ಸೋರಿ ಅಂಗಿಯ ಮೇಲೆ ಬಿತ್ತು. ಆಗಲೂ ನನಗೆ ತಿಳಿಯಲಿಲ್ಲ. ‘ಸ್ವಲ್ಪ ಅಡ್ಡಾಗ್ರಿ’ ಅಂದು ಹಾಸಿಗೆ ಹಾಸಿಕೊಟ್ಟೆ. ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನು ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು ಅನ್ನುವುದನ್ನು ನಾನು ಕೇಳಿದ್ದೇ ಅಲ್ಲಿ, ಹೊತ್ತು ಮೀರಿದ ಮೇಲೆ. ಆ ದಿನದಿಂದ ಎಷ್ಟೋ ರಾತ್ರಿ ನಾನು ಆ ಎಣ್ಣೆಯ ಬಟ್ಟಲನ್ನು ಕಣ್ಣ ಮುಂದೆ ಇಟ್ಟುಕೊಂಡು ಮಲಗಿದ್ದೇನೆ. ಆದ್ದರಿಂದ ‘ಯಾಕೆ’ ಎಂದು ನೀನು ಕೇಳಿದಾಗ ನನಗೆ ಕೋಪ ಬರಲಿಲ್ಲ. ನಿನಗಿಂತ ಮೊದಲು ಅದನ್ನು ಕೇಳಿದವಳು ನಾನು.

ಮನೆಗೆ ಕರೆದುಕೊಂಡು ಬಂದ ಮೇಲೆ ನೋಡಲು ಬಂದವರೆಲ್ಲ ಒಂದೊಂದು ಕಾರಣ ತಂದರು. ಒಬ್ಬರು ಹಣೆಬರಹ ಅಂದರು. ನಮ್ಮ ಸಭೆಯವರೇ ಒಬ್ಬರು ಮಂಚದ ಹತ್ತಿರ ಕೂತು, ಮನೆಯಲ್ಲಿ ಒಪ್ಪಿಕೊಳ್ಳದ ಪಾಪ ಯಾವುದೋ ಉಳಿದಿರಬೇಕು, ಉಪವಾಸ ಪ್ರಾರ್ಥನೆ ಇಡಿಸಿರಿ ಅಂದರು. ನಿಮ್ಮಪ್ಪನಿಗೆ ಮಾತು ಹೋಗಿತ್ತು, ಕಿವಿ ಹೋಗಿರಲಿಲ್ಲ. ಅವರು ಗೋಡೆಯ ಕಡೆ ಮುಖ ತಿರುಗಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನನ್ನು ನೋಡಲು ಬಂದ ಮೂವರು ಗೆಳೆಯರು ನೆನಪಾದರು. ಏಳು ಹಗಲು ಏಳು ರಾತ್ರಿ ಅವರು ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಗಾಯಕ್ಕೆ ಉಪ್ಪು ಸವರಿದರು. ಕೊನೆಗೆ ದೇವರು ಸಿಟ್ಟಾದದ್ದು, ಎದುರು ನಿಂತು ಜಗಳವಾಡಿದ ಯೋಬನ ಮೇಲೆ ಅಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಈ ಮೂವರ ಮೇಲೆ.

ಆ ಏಳು ದಿನದ ಕೆಲಸವನ್ನು ನಮ್ಮ ಮನೆಯಲ್ಲಿ ಮಾಡಿದ್ದು ಯಾರು ಗೊತ್ತೇ? ಪಕ್ಕದ ಮನೆಯ ಅಕ್ಕ. ವಿಭೂತಿ ಹಚ್ಚಿಕೊಂಡು ಬೆಳಿಗ್ಗೆ ಬರುತ್ತಿದ್ದಳು. ಜೋಳದ ಗಂಜಿಯ ಪಾತ್ರೆ ಕೆಳಗಿಟ್ಟು, ಅಪ್ಪನ ಕಾಲ ಹತ್ತಿರ ಒಂದು ತಾಸು ಮಾತಿಲ್ಲದೆ ಕೂತು ಎದ್ದು ಹೋಗುತ್ತಿದ್ದಳು. ಅವಳನ್ನು ಕಳಿಸಿದವನು ನನ್ನ ಕರ್ತನೇ ಎಂದು ನಾನು ಇವತ್ತಿಗೂ ನಂಬುತ್ತೇನೆ.

ನೀನು ಕೇಳಿದ ಪ್ರಶ್ನೆಯನ್ನೇ ಶಿಷ್ಯರೂ ಯೇಸುಸ್ವಾಮಿಗೆ ಕೇಳಿದ್ದರು. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದರು. ಇವನೂ ಅಲ್ಲ, ಅವರೂ ಅಲ್ಲ ಎಂದನು ಆತನು. ಅಷ್ಟು ಹೇಳಿ ನೆಲಕ್ಕೆ ಬಗ್ಗಿ ಉಗುಳಿನಿಂದ ಕೆಸರು ಕಲಸಿ ಅವನ ಕಣ್ಣಿಗೆ ಹಚ್ಚಿ, ಸಿಲೊವಾಮಿನ ಕೊಳದಲ್ಲಿ ತೊಳೆದುಕೋ ಎಂದು ಕಳಿಸಿದನು. ಇದೇ ಸಿಲೊವಾಮಿನಲ್ಲಿ ಒಂದು ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರೆಂದು ಲೂಕನ ಸುವಾರ್ತೆಯಲ್ಲಿ ಬರುತ್ತದೆ. ಸತ್ತವರು ಊರವರೆಲ್ಲರಿಗಿಂತ ಪಾಪಿಷ್ಠರಾಗಿದ್ದರೆಂದು ಎಣಿಸಬೇಡಿರಿ ಎಂದು ಆತನು ಎಚ್ಚರಿಸುತ್ತಾನೆ. ಬುರುಜು ಯಾಕೆ ಬಿತ್ತು ಎಂದು ಮಾತ್ರ ಹೇಳುವುದಿಲ್ಲ. ಬುರುಜು ಬಿದ್ದ ಊರಿನ ನೀರಿನಿಂದಲೇ ಒಬ್ಬನಿಗೆ ಕಣ್ಣು ಬಂತು ಅನ್ನುವುದು ನನ್ನ ಮನಸ್ಸಿನಲ್ಲಿ ನಿಂತಿದೆ. ನನಗೂ ಕಾರಣ ಸಿಕ್ಕಿಲ್ಲ. ಆದರೆ ನಮ್ಮ ಕಷ್ಟ ಯಾವುದೋ ತಪ್ಪಿಗೆ ಬಂದ ದಂಡ ಅನ್ನುವ ಹೆದರಿಕೆ ನನ್ನ ಎದೆಯಿಂದ ಇಳಿದಿದೆ. ಆ ಭಾರ ಇಳಿದರೆ ಉಳಿದದ್ದನ್ನು ಹೊರಬಹುದು, ಮಗಳೇ.

ಇನ್ನು ಆ ಸಂಜೆಯ ವಿಷಯ. ನೀನು ಪರೀಕ್ಷೆಗೆ ಹೋಗಿದ್ದೆ, ಪೂರ್ತಿ ಹೇಳಿರಲಿಲ್ಲ.

ಲಕ್ವ ಹೊಡೆದು ಆರು ವಾರವಾಗಿತ್ತು. ನೀರು ಬೇಕಾದರೆ ಲೋಟ ತೋರಿಸುತ್ತಿದ್ದರು, ‘ನೀರು’ ಅನ್ನಲು ಆಗುತ್ತಿರಲಿಲ್ಲ. ನನ್ನ ಹೆಸರು ಕರೆಯಲು ಹೋಗಿ ‘ಅ... ಅ...’ ಎಂದು ತಡವರಿಸಿ, ಮುಷ್ಟಿಯಿಂದ ಮಂಚ ಗುದ್ದುತ್ತಿದ್ದರು. ಅವತ್ತು ಕರೆಂಟು ಹೋಗಿತ್ತು. ಮೇಣದಬತ್ತಿ ಹಚ್ಚಿ, ಸಂಜೆಯ ಪ್ರಾರ್ಥನೆಗೆಂದು ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆ ಶುರುಮಾಡಿದೆ. ‘ಯೆಹೋವನು ನನಗೆ ಕುರುಬನು...’ ಎಂದು ಉಸಿರೆಳೆದುಕೊಂಡೆ. ‘ಕೊರತೆಪಡೆನು’ ಎಂದಿತು ಮಂಚದಿಂದ ಒಂದು ದನಿ. ನಾನು ಪುಸ್ತಕ ಕೆಳಗಿಟ್ಟೆ. ಅವರು ಮುಂದುವರಿದರು. ಮಾತು ತೊದಲುತ್ತಿತ್ತು, ಆದರೆ ಸಾಲು ತಪ್ಪಲಿಲ್ಲ. ಭಾನುವಾರದ ಸಾಲಿಯಲ್ಲಿ ಕಲಿತ ರಾಗದಲ್ಲೇ ಬಂತು. ಕಾರ್ಗತ್ತಲಿನ ಕಣಿವೆಯವರೆಗೆ ಬಂದು ‘ನೀನು ಹತ್ತಿರವಿರುವದರಿಂದ’ ಅಂದವರು ಅಲ್ಲಿಗೇ ನಿಂತು ಅಳತೊಡಗಿದರು.

ಮಾತು ಹೋದವರಿಗೂ ಬಾಯಿಪಾಠದ ಸಾಲು, ಹಾಡು ಎಷ್ಟೋ ಸಲ ಉಳಿದಿರುತ್ತವೆ ಎಂದು ಆಮೇಲೆ ನೀನೇ ವಿವರಿಸಿದೆ. ಒಪ್ಪುತ್ತೇನೆ, ಪವಾಡ ಎಂದು ಸಾರಿಕೊಂಡು ನಾನು ತಿರುಗಿಲ್ಲ. ಆದರೆ ಎಂಟು ವರ್ಷದ ಒಬ್ಬ ಹುಡುಗ ಹಾಜರಿ ಬಹುಮಾನದ ಆಸೆಗೆ ಬಾಯಿಪಾಠ ಮಾಡಿದ ಸಾಲು, ಐವತ್ತು ವರ್ಷ ಅವನೊಳಗೆ ಕಾದಿದ್ದು, ಬೇರೆಲ್ಲ ಮಾತು ಕೈಬಿಟ್ಟ ದಿನ ಎದ್ದು ಬಂದರೆ ನಾನು ಸ್ತೋತ್ರ ಹೇಳದೆ ಇರಲಾರೆ.

ಅವರು ನಿಂತ ಜಾಗವನ್ನು ಆ ರಾತ್ರಿ ನಾನು ಮತ್ತೆ ಮತ್ತೆ ಓದಿದೆ. ಎಷ್ಟು ಮಕ್ಕಳಿಗೆ ಉತ್ತಮಪುರುಷ, ಮಧ್ಯಮಪುರುಷ, ಪ್ರಥಮಪುರುಷ ಎಂದು ಹಲಗೆಯ ಮೇಲೆ ಬರೆದು ಕಲಿಸಿದ್ದೇನೆ, ಈ ಕೀರ್ತನೆಯಲ್ಲಿ ಮಾತ್ರ ಅದನ್ನು ಗಮನಿಸಿರಲಿಲ್ಲ. ನೀನೂ ತೆಗೆದು ನೋಡು. ಹಸುರುಗಾವಲು, ಶಾಂತವಾದ ನೀರು ಇರುವಲ್ಲೆಲ್ಲ ದಾವೀದನು ‘ಆತನು’ ಅನ್ನುತ್ತಾನೆ. ಆತನು ತಂಗಿಸುತ್ತಾನೆ, ಆತನು ನಡೆಸುತ್ತಾನೆ. ದೇವರ ವಿಷಯವಾಗಿ ಬೇರೆ ಯಾರಿಗೋ ಹೇಳುತ್ತಿರುವ ಹಾಗಿದೆ. ಕಣಿವೆಯೊಳಗೆ ಕಾಲಿಟ್ಟ ಕೂಡಲೇ ಸರ್ವನಾಮ ಬದಲಾಗುತ್ತದೆ. ‘ನೀನು ಹತ್ತಿರವಿರುವದರಿಂದ.’ ಹುಲ್ಲುಗಾವಲಿನಲ್ಲಿ ‘ಆತನು’ ಆಗಿದ್ದವನು ಕತ್ತಲಲ್ಲಿ ‘ನೀನು’ ಆಗುತ್ತಾನೆ.

ಸುಗ್ಗಿ ಮುಗಿದ ನಮ್ಮ ಎರೆಹೊಲಗಳಲ್ಲಿ ಕುರಿ ನಿಲ್ಲಿಸುವವರನ್ನು ನೀನು ಚಿಕ್ಕಂದಿನಿಂದ ನೋಡಿದ್ದೀ. ಹಗಲಲ್ಲಿ ಕುರುಬ ದೂರದ ಜಾಲಿ ಮರದ ಕೆಳಗೆ ಕೋಲೂರಿ ನಿಂತಿರುತ್ತಾನೆ. ಕುರಿ ತಮ್ಮ ಪಾಡಿಗೆ ಮೇಯುತ್ತವೆ, ತಲೆ ಎತ್ತಿ ಅವನನ್ನು ನೋಡುವುದೂ ಇಲ್ಲ. ಕತ್ತಲಾದ ಮೇಲೆ ಅವನು ಕಂಬಳಿ ಹೊದ್ದು ಅವುಗಳ ಪಕ್ಕದಲ್ಲೇ ಮಲಗುತ್ತಾನೆ. ಕುರಿಗೆ ಅವನ ಮೈವಾಸನೆ, ಕೆಮ್ಮು, ಉಸಿರು ಗೊತ್ತಾಗುವುದು ಆಗ. ನಿನಗೆ ಬಾಯೇ ಬರುತ್ತಿಲ್ಲ ಅಂದೆಯಲ್ಲ. ಉದ್ದುದ್ದ ಪ್ರಾರ್ಥನೆ ಬೇಡ. ‘ನೀನು’ ಅನ್ನು, ಸಾಕು. ‘ನೀನು ಎಲ್ಲಿದ್ದೀ’ ಎಂದು ಬೈದರೂ ಅದು ಪ್ರಾರ್ಥನೆಯೇ. ತಮ್ಮ ಲಾಜರನು ಸತ್ತಾಗ ಮಾರ್ಥಳೂ ಮರಿಯಳೂ, ನೀನು ಇಲ್ಲಿದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ ಎಂದು ಯೇಸುವಿನ ಮುಖಕ್ಕೇ ಹೇಳಿದರು. ಆತನು ಅವರನ್ನು ಗದರಿಸಲಿಲ್ಲ. ಕಣ್ಣೀರು ಬಿಟ್ಟನು.

ಕಷ್ಟ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ, ಆ ಮಾತನ್ನು ನನ್ನ ಬಾಯಲ್ಲಿ ಹಾಕಬೇಡ. ನಮ್ಮ ವಂಶದ ಮುತ್ತಜ್ಜಿಯೊಬ್ಬಳು 1876-78ರ ಬರದಲ್ಲಿ ಮಿಷನ್ನಿನವರ ಅನಾಥಾಲಯ ಸೇರಿದ ಕೂಸು. ಬರ ಬಂದದ್ದರಿಂದಲೇ ನಮ್ಮ ಮನೆತನಕ್ಕೆ ಸುವಾರ್ತೆ ಸಿಕ್ಕಿತು, ಅಕ್ಷರ ಸಿಕ್ಕಿತು ಎಂದು ನನ್ನ ಸೋದರಮಾವ ಹೆಮ್ಮೆಯಿಂದ ಹೇಳುತ್ತಿದ್ದರು. ನನಗೆ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಆ ಕೂಸಿನ ಕೈ ಹಿಡಿದು ನಡೆದ ಇಬ್ಬರು ಅಣ್ಣಂದಿರು ದಾರಿಯಲ್ಲೇ ಸತ್ತರಂತೆ. ಅವರ ಸಾವನ್ನು ನಮ್ಮ ಆಶೀರ್ವಾದದ ಲೆಕ್ಕಕ್ಕೆ ಜಮಾ ಮಾಡುವ ಹಕ್ಕು ನನಗಿಲ್ಲ. ಬರದ ದಾರಿಯಲ್ಲಿ ಒಂದು ಕೈ ಅವಳನ್ನು ಎತ್ತಿಕೊಂಡಿತು ಎಂದಷ್ಟೇ ಹೇಳಬಲ್ಲೆ.

ಕೈ ಅಂದಾಗ ನೀನು ಓದುತ್ತಿರುವ ವೆಲ್ಲೂರಿನ ಮೇರಿ ವರ್ಗೀಸ್ ಡಾಕ್ಟರು ನೆನಪಾಗುತ್ತಾರೆ. ಮೊದಲ ವರ್ಷ ಅವರ ಕಥೆಯನ್ನು ನೀನೇ ಫೋನಿನಲ್ಲಿ ಹೇಳಿದ್ದೆ, ಆಮೇಲೆ ನಾನೂ ಹುಡುಕಿ ಓದಿದೆ. 1954ರಲ್ಲಿ ವಾಹನ ಅಪಘಾತವಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದಾಗ ಅವರಿನ್ನೂ ಮೂವತ್ತು ಮುಟ್ಟದ ಹುಡುಗಿ. ಮುಂದೆ ಗಾಲಿಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಮಡಚಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಸ್ಟ್ರೇಲಿಯಾ, ನ್ಯೂಯಾರ್ಕ್ ವರೆಗೂ ಹೋಗಿ ಕಲಿತು ಬಂದು ಅಂಗವಿಕಲರ ಪುನಶ್ಚೇತನದ ವಿಭಾಗವನ್ನೇ ಕಟ್ಟಿದರು. 1972ರಲ್ಲಿ ಪದ್ಮಶ್ರೀ ಬಂತು. ಪದ್ಮಶ್ರೀಗಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಅವರು ಹಾಸಿಗೆಯಲ್ಲಿ ಕಳೆದ ತಿಂಗಳುಗಳು. ಮುಂದೆ ಇದೆಲ್ಲ ಆಗುತ್ತದೆ ಎಂದು ಆಗ ಅವರಿಗೆ ಗೊತ್ತಿರಲಿಲ್ಲ. ನಾವು ಈಗ ಇರುವುದು ಆ ತಿಂಗಳುಗಳಲ್ಲಿ.

ಅವರಿಗೆ ಕೈಗಳ ಶಸ್ತ್ರಚಿಕಿತ್ಸೆ ಕಲಿಸಿದ ಪಾಲ್ ಬ್ರ್ಯಾಂಡ್ ಡಾಕ್ಟರು ಒಮ್ಮೆ ಕುಷ್ಠರೋಗಿಗಳ ನಡುವೆ ಕೂತು ಯೇಸುವಿನ ಕೈಗಳ ಬಗ್ಗೆ ಮಾತಾಡಿದ್ದರಂತೆ. ಮೊಳೆ ಹೊಡೆದರೆ ನರ ತುಂಡಾಗಿ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ, ಶಿಲುಬೆಯ ಮೇಲೆ ಆತನ ಕೈಯೂ ನಿಮ್ಮ ಕೈಯ ಹಾಗೆ ಆಗಿದ್ದಿರಬೇಕು ಎಂದರಂತೆ. ಅಲ್ಲಿಯವರೆಗೆ ತಮ್ಮ ಕೈಗಳನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡಿದ್ದವರು ಅವನ್ನು ಹೊರಗೆ ತೆಗೆದು ಜೋಡಿಸಿದರಂತೆ.

ದಿನಾ ಬೆಳಿಗ್ಗೆ ನಿಮ್ಮಪ್ಪನ ಬಲಗೈ ಬಿಡಿಸುವಾಗ ನನಗೆ ಇದೇ ನೆನಪು. ಬಿಸಿನೀರಿನಲ್ಲಿ ಅದ್ದಿ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸುತ್ತೇನೆ. ಅಂಗೈಯಲ್ಲಿ ರಾತ್ರಿಯ ಬೆವರು ನಿಂತಿರುತ್ತದೆ, ಉಗುರು ಒತ್ತಿದ ನಾಲ್ಕು ಗುರುತು ಇರುತ್ತವೆ. ನಲವತ್ತು ವರ್ಷ ದರ್ಜಿ ಕೆಲಸದಲ್ಲಿ ಕತ್ತರಿ ಹಿಡಿದು ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿತ್ತಲ್ಲ, ಸಣ್ಣವಳಿದ್ದಾಗ ನೀನು ಮುಟ್ಟಿ ಮುಟ್ಟಿ ಕಲ್ಲು ಅನ್ನುತ್ತಿದ್ದೆ. ಅದು ಕರಗಿಹೋಗಿದೆ. ಕೂಸಿನ ಚರ್ಮದ ಹಾಗೆ ಮೆತ್ತಗಾಗಿದೆ. ಅದು ಗೊತ್ತಾದ ದಿನ ಹಿತ್ತಲಿಗೆ ಹೋಗಿ ಅತ್ತುಬಂದೆ. ಆಮೇಲೆ ಯೇಸುವಿನ ಗಾಯ ನೋಡದೆ ನಂಬುವುದಿಲ್ಲ ಎಂದ ಶಿಷ್ಯ ತೋಮನ ಕಥೆ ನೆನಪಾಯಿತು. ಸಾವನ್ನು ಗೆದ್ದು ಎದ್ದುಬಂದವನಿಗೆ ಆ ಗಾಯಗಳನ್ನು ಅಳಿಸಿಕೊಳ್ಳುವುದು ಎಷ್ಟರ ಮಾತು? ಆದರೂ ತೋಮನಿಗೆ ತನ್ನ ಗುರುತಾಗಿ ತೋರಿಸಿದ್ದು ಮೊಳೆಯ ಗಾಯದ ಆ ಕೈಗಳನ್ನೇ. ಮಹಿಮೆಯಲ್ಲೂ ಗಾಯ ಉಳಿಸಿಕೊಂಡ ದೇವರ ಮುಂದೆ ಈ ಮುಷ್ಟಿಯನ್ನು ಹಿಡಿದುಕೊಂಡು ಹೋಗಲು ನನಗೆ ನಾಚಿಕೆಯಿಲ್ಲ.

ಮೊದಲು ನಾನು ‘ಕರ್ತನೇ, ಇದನ್ನು ತೆಗೆದುಹಾಕು’ ಎಂದು ಮಾತ್ರ ಬೇಡುತ್ತಿದ್ದೆ. ಈಗಲೂ ಬೇಡುತ್ತೇನೆ, ಬಿಟ್ಟಿಲ್ಲ. ಅದರ ಜೊತೆಗೆ ‘ಇವತ್ತು ಐದನೇ ಬೆರಳು ಬಿಡಿಸುವವರೆಗೆ ಜೊತೆಗಿರು’ ಅಂತಲೂ ಕೇಳುತ್ತೇನೆ. ಎರಡನೆಯದಕ್ಕೆ ಒಂದು ದಿನವೂ ಇಲ್ಲ ಅನ್ನಿಸಿಕೊಂಡಿಲ್ಲ. ಸೊಸೈಟಿಯ ಸಾಲ ಇದೆ, ಅಂಗಡಿ ಅರ್ಧ ದಿನವಷ್ಟೇ ತೆರೆದಿರುತ್ತದೆ, ಕೆಲವು ರಾತ್ರಿ ಎಣ್ಣೆಯ ಬಟ್ಟಲು ಮತ್ತೆ ಕಣ್ಣ ಮುಂದೆ ಬರುತ್ತದೆ. ಆಗ ‘ನೀನು ನೋಡಿದ್ದೀಯಲ್ಲ, ಗೊತ್ತಿಲ್ಲದೆ ಮಾಡಿದೆ’ ಎಂದು ಆತನಿಗೇ ಹೇಳಿ ಮಗ್ಗುಲಾಗುತ್ತೇನೆ. ನಿನ್ನ ಫೀಸಿನ ಚಿಂತೆ ನೀನು ಮಾಡಬೇಡ, ನನ್ನ ಪೆನ್ಶನ್ನಿನಲ್ಲಿ ಆಗುತ್ತದೆ. ಓದು ಬಿಟ್ಟು ಬರುತ್ತೇನೆ ಎಂದು ಇನ್ನೊಮ್ಮೆ ಅನ್ನಬೇಡ. ಆ ಮಾತು ಕೇಳಿ ನಿಮ್ಮಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಒಂದು ವಿಷಯ ನಿಮ್ಮ ಮೇಡಂ ಹತ್ತಿರ ಕೇಳಿ ತಿಳಿಸು. ಕೈಗೆ ಕಟ್ಟುವ ಪಟ್ಟಿಯನ್ನು ರಾತ್ರಿಯಿಡೀ ಬಿಡಬೇಕೋ, ನಡುವೆ ಬಿಚ್ಚಬೇಕೋ? ಮುಂಗೈ ಹತ್ತಿರ ಕೆಂಪಾಗುತ್ತಿದೆ.

ಮತ್ತೆ, ಕ್ರಿಸ್ಮಸ್ಸಿಗೆ ಬರುವಾಗ ಅಳತೆ ಬ್ಲೌಸು ಮರೆಯದೆ ತಾ. ನಿಮ್ಮಪ್ಪ ಮಲಗುವ ಮುಂಚೆ ಎರಡು ಸಲ ಹೇಳಿದರು. ಅಂಗಡಿಯ ಹುಡುಗ ಈಗ ಕತ್ತರಿ ಹಿಡಿಯುತ್ತಾನೆ, ಇವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಡಗೈಯಿಂದ ಬಳಪದ ಗೆರೆ ಎಳೆಯುತ್ತಾರೆ. ಗೆರೆ ಸ್ವಲ್ಪ ನಡುಗುತ್ತದೆ. ‘ಹಬ್ಬದ ಬ್ಲೌಸಿಗಿ... ಗುರುತು... ನಾನ ಹಾಕಾಂವ’ ಅಂದಿದ್ದಾರೆ.

ನಿನ್ನ
ಅವ್ವ