ಕೌದಿ ಅಜ್ಜಿಯ ಕ್ಲಾಸು

ಪ್ರೀತಿಯ ಗೆಳೆಯಾ,

ಮೂರು ವಾರವಾದರೂ ಉತ್ತರ ಬರೆಯಲಿಲ್ಲ ಅಂತ ಬೈಯಬೇಡ. ಇಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಈ ಮಳೆಯಲ್ಲಿ ಗುಡ್ಡ ಹತ್ತಿದರೆ ಉಂಬಳ, ಅಂದರೆ ಜಿಗಣೆ. ಅದಕ್ಕೇ ರಾತ್ರಿ ಕೂತು ಉದ್ದಕ್ಕೆ ಬರೆದಿಟ್ಟಿದ್ದೇನೆ. ಸಿಗ್ನಲ್ ಸಿಕ್ಕಾಗ ಎಲ್ಲರಿಗೂ ಕಾಣುವಂತೆಯೇ ಹಾಕುತ್ತೇನೆ. ನಿನ್ನ ಪ್ರಶ್ನೆ ಬೇರೆಯವರಿಗೂ ಇರಬಹುದು.

ನೀನು ಕೇರಳದ ವಯನಾಡಿನ ಕನವು ಶಾಲೆಯ ಬಗ್ಗೆ ಬರೆದಿದ್ದೆ. ಕೆ.ಜೆ. ಬೇಬಿ ಮತ್ತು ಅವರ ಹೆಂಡತಿ 1994ರಲ್ಲಿ ನಡವಯಲ್‌ನಲ್ಲಿ ಪಣಿಯ, ಕಾಟ್ಟುನಾಯ್ಕ ಬುಡಕಟ್ಟಿನ ಮಕ್ಕಳಿಗಾಗಿ ಶುರು ಮಾಡಿದ ಶಾಲೆ. ಪಠ್ಯಪುಸ್ತಕದ ಹಂಗಿಲ್ಲದೆ ಹಾಡು, ಕಳರಿ ಅನ್ನುವ ಸಮರಕಲೆ, ಮಣ್ಣಿನ ಕೆಲಸ, ಇವುಗಳಿಂದಲೇ ಪಾಠ. "ನಮ್ಮ ಸಿದ್ದಿ ಮಕ್ಕಳಿಗೂ ನೀನು ಅಂಥದ್ದೊಂದು ಯಾಕೆ ಮಾಡಬಾರದು?" ಅಂತ ಕೇಳಿದೆ. (ಬೇರೆಯವರಿಗಾಗಿ ಹೇಳಿಬಿಡುತ್ತೇನೆ: ಸಿದ್ದಿಗಳೆಂದರೆ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ನಮ್ಮ ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆಸಿದವರು.) ಬೇಬಿಯವರು 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ನಾನೂ ಓದಿದ್ದೆ. ನನಗೆ ಹಿಡಿಸಿದ್ದು ಕಳರಿ ಅಲ್ಲ. ಮುಂದೆ ಅವರು ಆ ಶಾಲೆಯನ್ನು ಅಲ್ಲೇ ಬೆಳೆದ ಮಕ್ಕಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರಲ್ಲ, ಅದು. ನಮ್ಮಿಂದ ಆಗುತ್ತದಾ ಮಾರಾಯಾ? ನನಗೆ ವಾರಕ್ಕೆ ಒಂದು ಪೀರಿಯಡ್ ಬಿಟ್ಟುಕೊಡಲಿಕ್ಕೇ ಆರು ವರ್ಷ ಹಿಡಿಯಿತು.

ನಾನು ಸರ್ಕಾರಿ ಮಾಸ್ತರ. ಹಾಜರಿ, ಬಿಸಿಯೂಟ, ಮೊಟ್ಟೆ ಲೆಕ್ಕ ಯಾವುದೂ ತಪ್ಪುವುದಿಲ್ಲ. ಹಾಗಂತ ಕೈ ಕಟ್ಟಿಹಾಕಿದ್ದಾರೆ ಅನ್ನುವುದೂ ಸುಳ್ಳು. ಕಾರ್ಡು, ಆಟಗಳಿಂದ ಕಲಿಸುವ ನಲಿಕಲಿ ಪದ್ಧತಿ ಹುಟ್ಟಿದ್ದೇ 1995ರಲ್ಲಿ, ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ. ಅಲ್ಲಿನ ಮಾಸ್ತರರೇ ಕೂತು ಮಾಡಿದ್ದು. ಅವರು ಮಾಡಿದ ಕಾರ್ಡನ್ನು ನಾವು ಸುಮ್ನೆ ಎದುರಿಗೆ ಹಿಡಿಯುತ್ತೇವೆ, ಅಷ್ಟೇ.

ನಾನು ಎಡವಿದ್ದನ್ನೇ ಮೊದಲು ಹೇಳುತ್ತೇನೆ. ಇಲ್ಲಿಗೆ ಬಂದ ಮೊದಲ ಮಳೆಗಾಲ ಹಾಜರಿ ಪುಸ್ತಕದ ತುಂಬ ಗೈರು. ಮಕ್ಕಳೆಲ್ಲ ಉಪ್ಪಾಗೆ ಅನ್ನುವ ಹುಳಿ ಹಣ್ಣು ಆರಿಸಲಿಕ್ಕೆ ಕಾಡಿಗೆ. ನಾನು ಮನೆ ಮನೆಗೆ ಹೋಗಿ ಜಗಳ ಮಾಡಿ ಬಂದೆ. ಎರಡನೇ ವರ್ಷವೂ ಮಾಡಿದೆ. ಮೂರನೇ ವರ್ಷ ಸುಸ್ತಾಗಿ ಅವರ ಹಿಂದೆಯೇ ಹೊರಟೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಬಿದ್ದ ಹಣ್ಣಲ್ಲಿ ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಅಂತ ನನಗೆ ಕಲಿಸಿದ. ನನ್ನ ಚೀಲದ ಅರ್ಧ ಆಚೆ ಎಸೆದ. ಎತ್ತಿ ನೋಡಿಯೇ ತೂಕ ಹೇಳುತ್ತಾನೆ. ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುತ್ತಾರೆ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಈಗ ಶಾಲೆಯಲ್ಲೂ ಒಂದು ತಕ್ಕಡಿ ಇದೆ. ಹಸಿ ಸಿಪ್ಪೆ ಎಷ್ಟು, ನಾಲ್ಕು ದಿನಕ್ಕೆ ಎಷ್ಟು, ಎಂಟು ದಿನಕ್ಕೆ ಎಷ್ಟು ಅಂತ ಗೋಡೆಯ ಮೇಲೆ ಬರೆಯುತ್ತೇವೆ. ಗಿರಾಕಿ ಕೊಡುವ ದರದಿಂದ ಗುಣಿಸುತ್ತೇವೆ. ಕಳೆದ ವರ್ಷ ಒಬ್ಬಳು ಮನೆಗೆ ಹೋಗಿ ಅಪ್ಪನಿಗೆ "ಪೇಟೆಯವ ನಿನಗೆ ತೂಕದಲ್ಲಿ ಹೊಡೆದ" ಅಂದಳಂತೆ. ಹೊಡೆದದ್ದು ಹೌದಂತೆ. ಗೈರು ಪೂರ್ತಿ ನಿಂತಿಲ್ಲ, ಆ ಮಾತು ಬೇರೆ.

ಮಕ್ಕಳ ಕಲೆಯನ್ನು ಶಾಲೆಯ ಗ್ಯಾದರಿಂಗ್‌ನಲ್ಲಿ ತೋರಿಸು ಅಂತಲೂ ಬರೆದಿದ್ದೆ. ಅಲ್ಲೇ ನನಗೆ ಸಿಟ್ಟು. ಹಿಂದೊಮ್ಮೆ ದೊಡ್ಡ ಕಾರ್ಯಕ್ರಮವೊಂದಕ್ಕೆ ನಮ್ಮ ಮಕ್ಕಳನ್ನು ಕರೆದರು. ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಬಿಳಿ ಬಣ್ಣದ ಚುಕ್ಕಿ ಇಟ್ಟು ಕುಣಿಸಿದರು. ಇವರ ಅಜ್ಜಿಯರು ಸೀರೆ ಉಟ್ಟು ಪುಗಡಿ ಕುಣಿತ ಆಡುವವರು ಕಣೋ! ಡಮಾಮಿ ಡೋಲು ಬಾರಿಸುವ ಅಜ್ಜ ಪಂಚೆ, ಅಂಗಿ. ಸೊಪ್ಪು ಎಲ್ಲಿಂದ ಬಂತು? ನೋಡುವವರ ತಲೆಯಿಂದ. ನಾನೂ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ಬಂದು ಸಿದ್ದಿ ಮಕ್ಕಳನ್ನು ಓಟಕ್ಕೆ ಆರಿಸಿಕೊಂಡು ಹೋಗಿದ್ದರಲ್ಲ, ಕೆಲವರು ಪದಕವನ್ನೂ ತಂದರು. 1993ರಲ್ಲಿ ಆ ಯೋಜನೆಯೇ ನಿಂತಿತು. ಒಮ್ಮೆ ಕಾಲು, ಒಮ್ಮೆ ಕುಣಿತ. ಕೈಯನ್ನು ಯಾರೂ ನೋಡಲಿಲ್ಲ.

ಕೈ ಅಂದೆನಲ್ಲ, ಕೌದಿಯ ವಿಷಯಕ್ಕೆ ಬರುತ್ತೇನೆ.

ನಾನು ಭಾರೀ ಉತ್ಸಾಹದಲ್ಲಿ ಗ್ರಾಫ್ ಹಾಳೆಯ ಮೇಲೆ ಒಂದು ಕೌದಿ ಬರೆದೆ. ಇಷ್ಟು ಚೌಕ, ಇಷ್ಟು ಬಣ್ಣ, ಅಡ್ಡ ಸಾಲು, ಉದ್ದ ಸಾಲು. ಗುಣಾಕಾರ ಕಲಿಸಲಿಕ್ಕೆ ಇದಕ್ಕಿಂತ ಒಳ್ಳೇದು ಉಂಟಾ ಅಂದುಕೊಂಡು ಅಜ್ಜಿಯೊಬ್ಬರಿಗೆ ತೋರಿಸಿದೆ. ಅವರು ನಕ್ಕರು. "ಇದೇನು ಮಾಸ್ತರೇ, ಸೈಟಿಗೆ ಕಲ್ಲು ಹಾಕ್ದಂಗೆ ಹಾಕೀರಲ್ಲ!"

ಆಮೇಲೆ ಅವರೇ ಶಾಲೆಯ ಜಗಲಿಯಲ್ಲಿ ಕೂತು ತೋರಿಸಿದರು. ನಕ್ಷೆ ಇಲ್ಲ, ಅಳತೆ ಪಟ್ಟಿ ಇಲ್ಲ. ಕೆಳಗೆ ಒಂದು ಹಳೇ ಸೀರೆ. ಒಂದು ಮೂಲೆಯಿಂದ ಶುರು. ಸಿಕ್ಕ ತುಂಡನ್ನು ಅಂಚು ಮಡಚಿ ಇಡುವುದು, ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಅಂಚಿನುದ್ದಕ್ಕೂ ಹೋಗುವುದು, ಸುತ್ತು ಬಂದು ಬಂದು ನಡುವಿಗೆ ಸೇರುವುದು. ಮುಂದಿನ ತುಂಡು ಯಾವುದು ಅನ್ನುವುದು ಈಗಿನ ತುಂಡು ಮುಗಿದ ಮೇಲೆಯೇ ಗೊತ್ತು. ಕೊನೆಗೆ ನಾಲ್ಕು ಮೂಲೆಗೆ ನಾಲ್ಕು ಫುಲ. ಬಣ್ಣದ ಬಟ್ಟೆಯನ್ನು ಪದರ ಪದರ ಮಡಿಸಿದ ಪುಟ್ಟ ಚೌಕ ಅದು. ಕಾರವಾರದ ಕೊಂಕಣಿಯಲ್ಲಿ ನಾವು ಫೂಲ್ ಅನ್ನುವುದೂ ಅದೇ ಹೂವನ್ನೇ, ಅಲ್ವಾ. ಫುಲ ಇಲ್ಲದ ಕೌದಿ ಬೆತ್ತಲೆ ಅನ್ನುತ್ತಾರೆ ಅಜ್ಜಿ.

ಈಗ ಶನಿವಾರ ಒಂದು ಪೀರಿಯಡ್ ಅವರದ್ದು. ನಾನು ಮಕ್ಕಳ ಜೊತೆ ಚಾಪೆಯ ಮೇಲೆ. ಮೊದಲ ದಿನ ನಾನೂ ಒಂದು ಫುಲ ಮಡಿಸಿ ಹೊಲಿದೆ. ಪಕ್ಕದಲ್ಲಿ ಒಬ್ಬಳು ಕೂತಿದ್ದಳು, ಎರಡು ವರ್ಷದಿಂದ ನನ್ನೆದುರು ಬಾಯಿ ಬಿಡದವಳು. ಅದನ್ನು ತಿರುಗಿಸಿ ನೋಡಿದಳು. ಹಲ್ಲಿನಿಂದ ದಾರ ಕಚ್ಚಿ, ಹೊಲಿಗೆಯನ್ನೆಲ್ಲ ಒಂದೊಂದಾಗಿ ಬಿಚ್ಚಿ, ಮತ್ತೆ ಮಡಿಸಿ ನನ್ನ ಕೈಗೆ ಕೊಟ್ಟು "ಹಿಂಗೆ" ಅಂದಳು. ಮಗ್ಗಿ ಬಂತಾ ಅಂತ ಕೇಳಬೇಡ. 7ರ ಮಗ್ಗಿಯಲ್ಲಿ ಇನ್ನೂ 56ಕ್ಕೆ ಎಡವುತ್ತಾಳೆ. ಆದರೆ ಈಗ ಎಡವುವುದು ಕೇಳಿಸುತ್ತದೆ. ಮೊದಲು ಬಾಯಿಯೇ ತೆರೆಯುತ್ತಿರಲಿಲ್ಲ.

ಎಲ್ಲರಿಗೂ ಇದು ಖುಷಿ ಅಂದುಕೊಳ್ಳಬೇಡ. ಅವಳ ಅಪ್ಪನೇ ಬಂದು, "ಕೌದಿ ಮನೇಲೂ ಕಲೀತಾಳೆ ಮಾಸ್ತರೇ, ನೀವು ಇಂಗ್ಲಿಷ್ ಕಲಿಸಿ" ಅಂದ. ತಪ್ಪೇನು? 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ ಮೇಲೆ ಹಾಸ್ಟೆಲು, ಸ್ಕಾಲರ್‌ಶಿಪ್ ಅಂತ ದಾರಿ ಒಂದಿಷ್ಟು ತೆರೆದಿದೆ. ಅರ್ಜಿ ತುಂಬಬೇಕಾದದ್ದು ಆನ್‌ಲೈನಿನಲ್ಲಿ. ಮನೆಯಲ್ಲಿ ಅವರ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷು. ನಾನು ವಾದ ಮಾಡಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬಂದು ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಶನಿವಾರದ ಪೀರಿಯಡ್ ಮಾತ್ರ ಬಿಡಲಿಲ್ಲ. ಅದೇ ಅಪ್ಪ ಹೋದ ವಾರ ಜಗಲಿಯ ಕಂಬಕ್ಕೆ ಒರಗಿ ಪೂರ್ತಿ ಹೊತ್ತು ನಿಂತಿದ್ದ. ಏನೂ ಹೇಳಲಿಲ್ಲ.

ದೀಪಾವಳಿಗೆ ಕೋಡಿಬಾಗಕ್ಕೆ ಬರುತ್ತೀಯಲ್ಲ, ಒಂದು ದಿನ ಇಲ್ಲಿಗೂ ಬಾ. ಬರುವಾಗ ಆಯಿಯ ಹಳೇ ಸೀರೆ, ನಿನ್ನ ಹಳೇ ಅಂಗಿ ತಾ. ಕಾಟನ್ನೇ ತಾ. ಹೋದ ಸಲ ನಾನು ತಂದ ನೈಲಾನ್ ಸೀರೆಯನ್ನು ಅಜ್ಜಿ ಶಾಲೆಯ ಕಿಟಕಿಗೆ ಪರದೆ ಕಟ್ಟಿದ್ದಾರೆ.

ನಿನ್ನ,
ಮಾಸ್ತರ